ಅಂಟಾರ್ಕ್ಟಿಕಾಕ್ಕೆ ಗಂಟುಮೂಟೆ ಕಟ್ಟುವವರು

ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧ್‌ಸಾಗರದ ಪಕ್ಕದಲ್ಲೇ ಘಟ್ಟ ಇಳಿಯುವ ರೈಲಿನ ಕೊನೆಯ ನಿಲ್ದಾಣ ಗೋವಾದ ವಾಸ್ಕೋ-ಡ-ಗಾಮಾ. ಅಲ್ಲಿನ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅಂಟಾರ್ಕ್ಟಿಕಾದಲ್ಲಿ 1989ರ ಮೈತ್ರಿ, 2012ರ ಭಾರತಿ, ಆರ್ಕ್ಟಿಕ್‌ನಲ್ಲಿ ಹಿಮಾದ್ರಿ, ಸ್ಪಿತಿಯಲ್ಲಿ ಹಿಮಾಂಶ್, ಈ ನಾಲ್ಕೂ ನೆಲೆಗಳನ್ನು ನೋಡಿಕೊಳ್ಳುವುದು ಇದೇ ಕೇಂದ್ರ. ಧ್ರುವ ಪ್ರದೇಶ ಎಂದರೆ ಮಂಜು, ಪೆಂಗ್ವಿನ್, ವಿಜ್ಞಾನಿ ಎಂದಷ್ಟೇ ಓದಿಕೊಂಡ ನಮಗೆ, ಆ ನೆಲೆಗಳನ್ನು ದೂರದಿಂದ ನಡೆಸುವವರ ಕೆಲಸದ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು.

ತಪ್ಪು ಕಲ್ಪನೆ: ಇಲ್ಲಿ ಕೆಲಸ ಎಂದರೆ ದೊಡ್ಡ ಪರದೆಗಳ ಮುಂದೆ ಕುಳಿತು ನೆಲೆಗಳ ಮೇಲೆ ಕಣ್ಣಿಡುವುದು.

ಸತ್ಯ: ಕೆಲಸದ ಬಹುಪಾಲು ಪಟ್ಟಿ ಮಾಡುವುದು, ಖರೀದಿಸುವುದು, ಕಟ್ಟುವುದು, ಕಳಿಸುವುದು. ಅಂಟಾರ್ಕ್ಟಿಕಾಕ್ಕೆ ದಾರಿ ತೆರೆದಿರುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಲ್ಲಿನ ಬೇಸಿಗೆಯಲ್ಲಿ. ಭಾರಿ ಸಾಮಾನು ಹೊತ್ತ ಹಡಗು ವರ್ಷಕ್ಕೊಮ್ಮೆ ಹೋಗಿಬರುತ್ತದೆ. ಆಮೇಲೆ ಸಮುದ್ರ ಹೆಪ್ಪುಗಟ್ಟುತ್ತದೆ.

ಜನರೇಟರಿನ ಒಂದು ಫ್ಯಾನ್ ಬೆಲ್ಟನ್ನೇ ತೆಗೆದುಕೊಳ್ಳಿ. ನಮ್ಮೂರಲ್ಲಿ ಅದು ಹರಿದರೆ ಬೈಕ್ ಹತ್ತಿ ಪೇಟೆಗೆ ಹೋಗಿ ಅರ್ಧ ಗಂಟೆಯಲ್ಲಿ ತರಬಹುದು. ಅಲ್ಲಿ ಜನರೇಟರ್ ನಿಂತರೆ ದೀಪದ ಜೊತೆಗೆ ಕೋಣೆಯ ಬಿಸಿಯೂ ಹೋಗುತ್ತದೆ, ಪೈಪಿನೊಳಗಿನ ನೀರು ಗಡ್ಡೆಕಟ್ಟಿ ಪೈಪ್ ಒಡೆಯುತ್ತದೆ. ಆದ್ದರಿಂದ ಆ ಬೆಲ್ಟಿನ ನಂಬರ್ ಗೋವಾದಲ್ಲಿ ಕುಳಿತವರಿಗೆ ಗೊತ್ತಿರಬೇಕು. ನೋಡಲು ಅದರಂತೆಯೇ ಇದ್ದು ಅರ್ಧ ಇಂಚು ಗಿಡ್ಡವಾದ ಬೆಲ್ಟ್ ಹೋದರೆ, ತಪ್ಪು ತಿದ್ದಲು ಮುಂದಿನ ಬೇಸಿಗೆಯೇ ಬರಬೇಕು. ಎಷ್ಟು ಕಳಿಸಬೇಕು, ಯಾವ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಕಂಟೇನರಿನ ಯಾವ ತುದಿಯಲ್ಲಿ ಎಂಬುದೂ ಲೆಕ್ಕವೇ. ಮೊದಲು ಇಳಿಯಬೇಕಾದದ್ದನ್ನು ಕೊನೆಗೆ ತುಂಬಬೇಕು. ಹಡಗು ನಿಲ್ಲುವ ಹಿಮದಂಚಿನಿಂದ ಮೈತ್ರಿಗೆ ನೂರು ಕಿಲೋಮೀಟರಿನ ಆಸುಪಾಸು ಹಿಮದ ದಾರಿ. ಅಲ್ಲಿ ನಿಂತು ಪೆಟ್ಟಿಗೆಗಳನ್ನು ತಡಕಾಡಲು ಗಾಳಿ ಬಿಡುವುದಿಲ್ಲ. ನನ್ನ ಪ್ರಕಾರ ಧ್ರುವ ವಿಜ್ಞಾನದ ಅತಿ ಮುಖ್ಯ ದಾಖಲೆಗಳಲ್ಲಿ ಈ ಪ್ಯಾಕಿಂಗ್ ಲಿಸ್ಟ್ ಕೂಡ ಒಂದು.

ತಪ್ಪು ಕಲ್ಪನೆ: ಯಾರಿಗಾದರೂ ಹುಷಾರು ತಪ್ಪಿದರೆ ಹೆಲಿಕಾಪ್ಟರ್ ಕಳಿಸಿದರಾಯಿತು.

ಸತ್ಯ: ಹೆಲಿಕಾಪ್ಟರ್ ಹೋಗುವುದು ಹಡಗಿನ ಜೊತೆ, ಮರಳುವುದೂ ಹಡಗಿನ ಜೊತೆ. ಬೇಸಿಗೆಯಲ್ಲಿ ಕೇಪ್‌ಟೌನ್‌ನಿಂದ ಮೈತ್ರಿಯ ಹತ್ತಿರದ ಹಿಮದ ರನ್‌ವೇಗೆ ಆರು ಗಂಟೆಯ ಆಸುಪಾಸಿನಲ್ಲಿ ವಿಮಾನ ತಲುಪುತ್ತದೆ. ಚಳಿಗಾಲದಲ್ಲಿ ಆ ಓಡಾಟವಿಲ್ಲ. 2016ರ ಜೂನ್‌ನಲ್ಲಿ ದಕ್ಷಿಣ ಧ್ರುವದ ಅಮೆರಿಕನ್ ನೆಲೆಯಿಂದ ಇಬ್ಬರು ರೋಗಿಗಳನ್ನು ಪುಟ್ಟ ಟ್ವಿನ್ ಆಟರ್ ವಿಮಾನದಲ್ಲಿ ಕರೆತಂದದ್ದುಂಟು. ಅಂಥ ಸಾಹಸಗಳು ಬೆರಳೆಣಿಕೆಯಷ್ಟು.

ಮೈತ್ರಿಯಿಂದ ಕೆಲವೇ ಕಿಲೋಮೀಟರ್ ದೂರದ ರಷ್ಯಾದ ನೊವೊಲಾಜರೆವ್‌ಸ್ಕಾಯಾ ನೆಲೆಯಲ್ಲಿ 1961ರ ಏಪ್ರಿಲ್ 30ರ ರಾತ್ರಿ ಲಿಯೊನಿಡ್ ರೊಗೊಜೊವ್ ಎಂಬ 27 ವರ್ಷದ ವೈದ್ಯ ತನ್ನ ಹೊಟ್ಟೆಯನ್ನು ತಾನೇ ಕೊಯ್ದು ಅಪೆಂಡಿಕ್ಸ್ ತೆಗೆದುಕೊಂಡ. ನೆಲೆಗೆ ಅವನೊಬ್ಬನೇ ವೈದ್ಯ. ಮೆಕ್ಯಾನಿಕ್ ಕನ್ನಡಿ ಹಿಡಿದ, ಹವಾಮಾನ ತಜ್ಞ ಉಪಕರಣ ಕೈಗೆ ಕೊಟ್ಟ. ಎರಡು ವಾರದಲ್ಲಿ ವೈದ್ಯ ಮತ್ತೆ ಕೆಲಸಕ್ಕೆ ಬಂದ. ಈಗ ಉಪಗ್ರಹದ ಮೂಲಕ ತಜ್ಞರ ಸಲಹೆ ಸಿಗುತ್ತದೆ, ಆದರೆ ಕತ್ತರಿ ಹಿಡಿಯುವ ಕೈ ಅಲ್ಲಿಯದೇ. ಹೊರಡುವ ಮೊದಲೇ ಪ್ರತಿಯೊಬ್ಬರಿಗೂ ಕಟ್ಟುನಿಟ್ಟಾದ ವೈದ್ಯಕೀಯ ತಪಾಸಣೆ, ಉತ್ತರಾಖಂಡದ ಔಲಿಯ ಹಿಮದಲ್ಲಿ ತರಬೇತಿ ಇರುವುದು ಅದಕ್ಕೇ. ತಪಾಸಣೆಯಲ್ಲಿ ಒಬ್ಬರಿಗೆ ‘ಬೇಡ’ ಎನ್ನುವುದು ಕ್ರೌರ್ಯವಲ್ಲ, ಅವರ ಜೀವದ ಕಾಳಜಿ.

ತಪ್ಪು ಕಲ್ಪನೆ: ಅಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ.

ಸತ್ಯ: ಅದು ಧ್ರುವದ ಬಿಂದುವಿಗೆ ಮಾತ್ರ ಒಪ್ಪುವ ಮಾತು. ಮೈತ್ರಿಯಲ್ಲಿ ಸೂರ್ಯ ಮೇಲೇಳದಿರುವುದು ಸುಮಾರು ಎರಡು ತಿಂಗಳು. ಇನ್ನೊಂದು ವಿಷಯ: ಹಾಸನದಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಒಂಬತ್ತು ಸಾವಿರ ಕಿಲೋಮೀಟರ್ ದಾಟಿ ಅದು ಭಾರತಿಯ ಹತ್ತಿರವೇ ಹೋಗಿ ಮುಟ್ಟುತ್ತದೆ. ಹಾಸನದಲ್ಲಿ ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ ಅಲ್ಲೂ ನಡುಹಗಲು. ಆದರೆ ಜೂನ್ ನಡುವಿನಲ್ಲಿ ಆ ನಡುಹಗಲಿಗೆ ಸೂರ್ಯನೇ ಇರುವುದಿಲ್ಲ.

ತಪ್ಪು ಕಲ್ಪನೆ: ಯಾರ ದೇಶವೂ ಅಲ್ಲದ ಜಾಗ, ಕಸವನ್ನು ಹಿಮದಲ್ಲಿ ಹೂತರೆ ಕೇಳುವವರಿಲ್ಲ.

ಸತ್ಯ: ಕೇಳುವವರಿದ್ದಾರೆ. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾದ ಪರಿಸರ ಒಪ್ಪಂದ 1998ರಿಂದ ಜಾರಿಯಲ್ಲಿದೆ. ಭಾರತವೂ 2022ರಲ್ಲಿ ತನ್ನದೇ ಅಂಟಾರ್ಕ್ಟಿಕ್ ಕಾಯ್ದೆ ಮಾಡಿತು. ಬ್ಯಾಟರಿ, ಪ್ಲಾಸ್ಟಿಕ್, ಖಾಲಿ ಡ್ರಮ್ಮು ಎಲ್ಲವೂ ಹಡಗು ಹತ್ತಿ ವಾಪಸ್ಸು ಬರಬೇಕು. ಪ್ಯಾಕಿಂಗಿಗೆ ಥರ್ಮೋಕೋಲಿನ ಕಾಳು, ಚೂರು ಹಾಕುವಂತಿಲ್ಲ. ಸೂಕ್ಷ್ಮಾಣು ಮುಕ್ತಗೊಳಿಸದ ಮಣ್ಣು ಒಯ್ಯುವಂತಿಲ್ಲ. ನಾಯಿಗೂ ಪ್ರವೇಶವಿಲ್ಲ. ಹೀಗಾಗಿ ಪರಿಸರ ರಕ್ಷಣೆ ಶುರುವಾಗುವುದು ಗೋದಾಮಿನಲ್ಲಿ, ಪೆಟ್ಟಿಗೆಗೆ ಮೊಳೆ ಹೊಡೆಯುವವರ ಕೈಯಲ್ಲಿ.

ತಪ್ಪು ಕಲ್ಪನೆ: ಅಲ್ಲಿಗೆ ಹೋಗಲು ವಿಜ್ಞಾನಿಯೇ ಆಗಿರಬೇಕು.

ಸತ್ಯ: ಈ ಒಂದು ನಂಬಿಕೆ ನಮ್ಮ ಎಷ್ಟೋ ಹುಡುಗರ ಬಾಗಿಲು ಮುಚ್ಚಿದೆ, ಅದೇ ನನ್ನ ಸಂಕಟ. ಚಳಿಗಾಲ ಕಳೆಯಲು ಒಂದೊಂದು ನೆಲೆಯಲ್ಲಿ ಉಳಿಯುವ ಇಪ್ಪತ್ತು ಇಪ್ಪತ್ತೈದು ಜನರಲ್ಲಿ ಅಡುಗೆಯವರು, ವೆಲ್ಡರ್, ಬಡಗಿ, ಎಲೆಕ್ಟ್ರಿಷಿಯನ್, ವಾಹನ ಮೆಕ್ಯಾನಿಕ್, ವೈರ್‌ಲೆಸ್ ಆಪರೇಟರ್ ಇರುತ್ತಾರೆ. ಸೋರುವ ಪೈಪಿಗೆ ಕೈಹಾಕುವವರು ಇಲ್ಲದಿದ್ದರೆ ಭೂಕಾಂತದ ಅಳತೆಯೂ ಇಲ್ಲ, ಓಝೋನಿನ ಅಳತೆಯೂ ಇಲ್ಲ. ಕೇಂದ್ರವು ಇಂಥ ಕೆಲಸಗಳಿಗೆ ಗುತ್ತಿಗೆ ಆಧಾರದಲ್ಲಿ ಜನರನ್ನು ಕರೆದದ್ದುಂಟು. ನಿಮ್ಮ ಮನೆಯಲ್ಲಿ ಐಟಿಐ ಮುಗಿಸಿದವರು, ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಬಲ್ಲವರು, ನೂರು ಜನಕ್ಕೆ ಅಡುಗೆ ಮಾಡಿ ಬಡಿಸಿದವರು ಇದ್ದರೆ, ಆ ಕೇಂದ್ರದ ಪ್ರಕಟಣೆಗಳ ಮೇಲೆ ಒಂದು ಕಣ್ಣಿಡಲು ದಯವಿಟ್ಟು ಹೇಳಿ.