ಎದ್ದು ಹೋಗುವ ಮುನ್ನ ಒಂದು ಬೀಗ

ಹನ್ನೊಂದು ಗಂಟೆಯಾಯಿತೆಂದರೆ ಕಚೇರಿಗಳಲ್ಲಿ ಕುರ್ಚಿಗಳು ಒಂದೊಂದಾಗಿ ಖಾಲಿಯಾಗತೊಡಗುತ್ತವೆ. ಕಾಫಿಗೆಂದು ಎದ್ದವರು ಕೆಲವರು, ಸಾಹೇಬರ ಕರೆಗೆ ಓಡಿದವರು ಕೆಲವರು. ಬೀರುವಿನ ಬೀಗವನ್ನು ಎರಡೆರಡು ಬಾರಿ ಎಳೆದು ನೋಡುವ ಗುಮಾಸ್ತರು ಕಂಪ್ಯೂಟರನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟು ಹೋಗುತ್ತಾರೆ. ಪರದೆಯ ಮೇಲೆ ಲೆಕ್ಕದ ಹಾಳೆ ತೆರೆದಿರುತ್ತದೆ. ಅದರ ಹಿಂದೆ ಇ-ಮೇಲ್. ‘ಐದೇ ನಿಮಿಷ, ಬಂದುಬಿಡುತ್ತೇನಲ್ಲ!’ ಎಂಬುದು ಸಮಾಧಾನ.

ಆ ಐದು ನಿಮಿಷ ಯಂತ್ರದ ಯಜಮಾನರು ಯಾರು? ಖಾಲಿ ಕುರ್ಚಿಯಲ್ಲಿ ಯಾರೇ ಬಂದು ಕೂರಲಿ, ಕಂಪ್ಯೂಟರಿನ ಪಾಲಿಗೆ ಅವರು ಬೆಳಿಗ್ಗೆ ಪಾಸ್‌ವರ್ಡ್ ಕೊಟ್ಟು ಒಳಬಂದ ಗುಮಾಸ್ತರೇ. ಕಳುಹಿಸಿದ ಪತ್ರ ಅವರ ಹೆಸರಿನಲ್ಲಿ ಹೋಗುತ್ತದೆ. ತಿದ್ದಿದ ಅಂಕಿ ಅವರ ಹೆಸರಿನಲ್ಲಿ ದಾಖಲಾಗುತ್ತದೆ. ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಗಾಜನ್ನು ಕಾಯಲು ಬಂದದ್ದು

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ರೂಪಿಸಿ 1961ರಲ್ಲಿ ಪ್ರದರ್ಶಿಸಿದರು. ಯಂತ್ರ ಒಂದು, ಬಳಸುವವರು ಹಲವರು. ಯಾರ ಕಡತ ಯಾರದೆಂದು ಬೇರ್ಪಡಿಸಬೇಕಲ್ಲ? ಅದಕ್ಕೆ ಕಂಡುಕೊಂಡ ಉಪಾಯವೇ ಪಾಸ್‌ವರ್ಡ್.

ಬಳಸದಿದ್ದಾಗ ಪರದೆಯನ್ನು ಮರೆಮಾಡುವ ‘ಸ್ಕ್ರೀನ್ ಸೇವರ್’ ಬಂದದ್ದು ಬೇರೆಯೇ ಕಾರಣಕ್ಕೆ. ಹಳೆಯ ಮಾನಿಟರುಗಳಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಗಾಜಿನ ಒಳಬದಿಯ ರಾಸಾಯನಿಕ ಲೇಪ ಸವೆದು ಅದರ ಅಚ್ಚು ಶಾಶ್ವತವಾಗಿ ಉಳಿದುಬಿಡುತ್ತಿತ್ತು. ಇದನ್ನು ತಪ್ಪಿಸಲು ಜಾನ್ ಸೋಚಾ ಎಂಬವರು 1983ರಲ್ಲಿ, ಸ್ವಲ್ಪ ಹೊತ್ತು ಕೀಲಿಮಣೆ ಮುಟ್ಟದಿದ್ದರೆ ಪರದೆಯನ್ನು ಕಪ್ಪಾಗಿಸುವ ಪುಟ್ಟ ಪ್ರೋಗ್ರಾಮನ್ನು ಪ್ರಕಟಿಸಿದರು. ಕಾಯಬೇಕಾಗಿದ್ದದ್ದು ಗಾಜನ್ನು, ಗುಟ್ಟನ್ನಲ್ಲ! ಮುಂದೆ ಇದೇ ಸ್ಕ್ರೀನ್ ಸೇವರಿಗೆ ಪಾಸ್‌ವರ್ಡ್ ಜೋಡಿಸಲಾಯಿತು.

ಆದರೆ ಆ ಬೀಗ ಬಹಳ ದಿನ ಹೆಸರಿಗಷ್ಟೇ ಇತ್ತು. ವಿಂಡೋಸ್ 95ರಲ್ಲಿ ಪರದೆಗೆ ಬೀಗ ಹಾಕಿದ್ದರೂ ಯಂತ್ರವನ್ನು ಆರಿಸಿ ಹೊತ್ತಿಸಿ, ಪಾಸ್‌ವರ್ಡ್ ಕೇಳಿದಾಗ ‘ಕ್ಯಾನ್ಸಲ್’ ಒತ್ತಿದರೆ ಸಾಮಾನ್ಯವಾಗಿ ಒಳಹೋಗಬಹುದಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಮನೆಯ ಕಂಪ್ಯೂಟರಿಗೂ ಗಟ್ಟಿ ಬೀಗ ದೊರೆಯಿತು. ವಿಂಡೋಸ್ ಚಿಹ್ನೆಯ ಕೀಲಿಯನ್ನು ಒತ್ತಿ ಹಿಡಿದು ‘ಎಲ್’ ಅಕ್ಷರ ಒತ್ತಿದರೆ ಸಾಕು. ಇಂದಿನ ವಿಂಡೋಸ್‌ನಲ್ಲಿಯೂ ಇದೇ ಕ್ರಮ. ಮ್ಯಾಕ್ ಕಂಪ್ಯೂಟರುಗಳಲ್ಲಿ ಕಂಟ್ರೋಲ್, ಕಮಾಂಡ್ ಮತ್ತು ‘ಕ್ಯೂ’ ಒಟ್ಟಿಗೆ ಒತ್ತಬೇಕು.

ಬೀಗ ಹಾಕಿದರೆ ಮಾಡಿದ ಕೆಲಸ ಹಾಳಾದೀತೆಂಬ ಅಂಜಿಕೆ ಕೆಲವರಿಗಿದೆ. ಹಾಗೇನೂ ಇಲ್ಲ. ಇದು ಯಂತ್ರವನ್ನು ಆರಿಸಿದಂತಲ್ಲ. ತೆರೆದ ಕಡತಗಳು ಹಾಗೆಯೇ ಇರುತ್ತವೆ, ಪ್ರಿಂಟರಿಗೆ ಕಳುಹಿಸಿದ್ದು ಮುದ್ರಣವಾಗುತ್ತಲೇ ಇರುತ್ತದೆ. ಮರಳಿ ಬಂದು ಪಾಸ್‌ವರ್ಡ್ ಕೊಟ್ಟರೆ, ಬಿಟ್ಟ ಸಾಲಿನಿಂದಲೇ ಮುಂದುವರಿಯಬಹುದು.

ಗ್ರಂಥಾಲಯದಲ್ಲಿ ಸಿಕ್ಕಿಬಿದ್ದವನು

ತೆರೆದ ಪರದೆಯ ಬೆಲೆ ಎಷ್ಟೆಂಬುದನ್ನು ಕಳ್ಳರಿಗಿಂತ ಚೆನ್ನಾಗಿ ಪೊಲೀಸರು ಬಲ್ಲರು. ‘ಸಿಲ್ಕ್ ರೋಡ್’ ಎಂಬ ಮಾದಕ ವಸ್ತುಗಳ ಗುಪ್ತ ಅಂತರ್ಜಾಲ ಸಂತೆಯನ್ನು ನಡೆಸುತ್ತಿದ್ದ ರಾಸ್ ಉಲ್ಬ್ರಿಕ್ಟ್ 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಗ್ರಂಥಾಲಯದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ. ಅದರ ಮುಚ್ಚಳ ಮುಚ್ಚಿದರೆ ಒಳಗಿನ ದಾಖಲೆಗಳೆಲ್ಲ ಗೂಢಲಿಪಿಯ ಹಿಂದೆ ಸೇರಿಬಿಡುತ್ತವೆಂಬುದು ಎಫ್‌ಬಿಐ ಅಧಿಕಾರಿಗಳಿಗೆ ಗೊತ್ತಿತ್ತು. ಅವರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಅವನ ಬೆನ್ನ ಹಿಂದೆ ಜಗಳವಾಡುವ ನಾಟಕ ಹೂಡಿದರು. ಅವನು ಹೊರಳಿ ನೋಡಿದ. ಆ ಗಳಿಗೆಯಲ್ಲಿ ಲ್ಯಾಪ್‌ಟಾಪ್ ಅಧಿಕಾರಿಗಳ ಕೈಗೆ ಸೇರಿತು. ತೆರೆದಿದ್ದ ಆ ಯಂತ್ರದಲ್ಲಿ ಸಿಕ್ಕಿದ ದಿನಚರಿ, ಲೆಕ್ಕಪತ್ರಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾದವು. 2015ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷರ ಕ್ಷಮಾದಾನ ದೊರೆಯಿತು.

ತಪ್ಪಿತಸ್ಥ ಸಿಕ್ಕಿಬಿದ್ದದ್ದು ಸರಿಯೇ. ಆದರೆ ಈ ಪ್ರಸಂಗದ ಪಾಠ ಸಜ್ಜನರಿಗೂ ಅನ್ವಯಿಸುತ್ತದೆ. ಪಾಸ್‌ವರ್ಡ್ ಎಷ್ಟೇ ಕಠಿಣವಾಗಿರಲಿ, ಬಾಗಿಲು ತೆರೆದಿರುವಾಗ ಅದರಿಂದ ಪ್ರಯೋಜನವಿಲ್ಲ.

ಪಹಣಿಗೆ ಬೆರಳ ಗುರುತು

ಯಂತ್ರದ ಮುಂದೆ ಕುಳಿತವರು ಯಾರೆಂಬ ಪ್ರಶ್ನೆ ಕರ್ನಾಟಕದ ರೈತನಿಗೂ ದೂರದ್ದಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಸೇರಿದವು. ಅಲ್ಲಿ ಒಂದು ಹೆಸರು ಬದಲಾದರೆ ಒಂದು ಮನೆತನದ ಹೊಲವೇ ಕೈತಪ್ಪಬಹುದು. ‘ಅದನ್ನು ಮಾಡಿದವನು ನಾನಲ್ಲ, ನನ್ನ ಪಾಸ್‌ವರ್ಡನ್ನು ಯಾರೋ ಬಳಸಿದ್ದಾರೆ’ ಎಂದು ಸಿಬ್ಬಂದಿ ನುಣುಚಿಕೊಳ್ಳದಿರಲೆಂದು ಬೆರಳಚ್ಚು ಕೊಟ್ಟೇ ಒಳಹೊಗುವ ಏರ್ಪಾಡು ಮಾಡಲಾಯಿತು. ಆದರೆ ಎಲ್ಲ ಕಚೇರಿಗಳಿಗೂ ಸಲ್ಲುವ ಮಾತೊಂದಿದೆ: ಬೆರಳಾಗಲಿ ಪಾಸ್‌ವರ್ಡ್ ಆಗಲಿ ಬಾಗಿಲು ತೆರೆಯಲಷ್ಟೇ ಬೇಕಾಗುತ್ತದೆ. ಏಳುವಾಗ ಮುಚ್ಚುವ ಕೆಲಸ ಕುಳಿತವರದೇ.

ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ತೆರೆದಿಟ್ಟ ಯಂತ್ರದ ಮುಂದೆ ಆ ಹೊತ್ತಿನಲ್ಲಿ ಕುಳಿತವರು ಯಾರೆಂದು ಹೇಳುವವರಾರು? ಕಂಪ್ಯೂಟರ್ ಹೇಳುವುದು ಒಂದೇ ಹೆಸರು. ವಿಚಾರಣೆಯಲ್ಲಿ ಮೊದಲು ಉತ್ತರ ಕೊಡಬೇಕಾದವರು ಆ ಹೆಸರಿನವರೇ.

ಇಷ್ಟು ನಿಮಿಷ ಸುಮ್ಮನಿದ್ದರೆ ತಾನಾಗಿಯೇ ಬೀಗ ಬೀಳುವಂತೆ ಹೊಂದಿಸಿಡಬಹುದು. ಅದು ಮರೆವಿಗೆ ಮದ್ದು ಅಷ್ಟೆ. ಬೀಗ ಬೀಳುವ ಮುನ್ನಿನ ಆ ನಿಮಿಷಗಳೇ ಸಾಕು, ಒಂದು ಪತ್ರ ಕಳುಹಿಸಲು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರಂತೂ, ಬೀಗ ಹಾಕಿ ಬೀಗದಕೈಯನ್ನು ಚಿಲಕಕ್ಕೇ ತೂಗುಹಾಕಿದಂತೆ.

‘ಪಕ್ಕದ ಮೇಜಿನವರ ಎದುರೇ ಬೀಗ ಹಾಕಿದರೆ ಅವರೇನೆಂದುಕೊಂಡಾರು?’ ಎಂಬ ದಾಕ್ಷಿಣ್ಯವೇ ಹಲವರನ್ನು ತಡೆಯುವುದು. ಇದನ್ನು ತಿರುಗಿಸಿ ನೋಡಬೇಕು. ತೆರೆದಿಟ್ಟ ಯಂತ್ರದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರ ಮೇಲೂ ಸಂಶಯ ಬೀಳುತ್ತದೆ. ಹಾಕಿದ ಬೀಗ ಪಕ್ಕದ ಮೇಜಿನ ಗೆಳೆಯರನ್ನೂ ಆ ಸಂಶಯದಿಂದ ಕಾಪಾಡುತ್ತದೆ.