ಮೂರು ಶೆಡ್ಡು, ಒಂದು ಗಾಡಿ, ಬಾಡಿಗೆ ಯಾರ ಪಾಲಿಗೆ ಎಷ್ಟು?

ಬೆಂಗಳೂರಿನ ಪೀಣ್ಯದಲ್ಲಿ ಒಂದು ಶಾಫ್ಟ್ ಸಾಮಾನ್ಯವಾಗಿ ಒಂದೇ ಸೂರಿನಡಿ ತಯಾರಾಗುವುದಿಲ್ಲ. ಉಕ್ಕಿನ ರಾಡು ಒಂದು ಶೆಡ್ಡಿನಲ್ಲಿ ಲೇತಿಗೆ ಏರುತ್ತದೆ. ಟರ್ನಿಂಗ್ ಆದಮೇಲೆ ಕೀವೇ ಹೊಡೆಸಲು ಎರಡು ಕ್ರಾಸ್ ಆಚೆಗಿನ ಮಿಲ್ಲಿಂಗ್ ಮಷೀನಿಗೆ ಹೋಗುತ್ತದೆ. ಅಲ್ಲಿಂದ ಹೀಟ್ ಟ್ರೀಟ್‌ಮೆಂಟಿಗೆ, ಮತ್ತೆ ಗ್ರೈಂಡಿಂಗಿಗೆ, ಕೊನೆಗೆ ಪ್ಲೇಟಿಂಗಿಗೆ. ಒಬ್ಬೊಬ್ಬರದು ಒಂದೊಂದು ಕೆಲಸ, ಎಲ್ಲವೂ ಜಾಬ್ ವರ್ಕ್. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಮಾಲು ಹೊರಟಾಗಲೆಲ್ಲ ಒಂದು ಡಿಸಿ (ಡೆಲಿವರಿ ಚಲನ್) ಬರೆಯಬೇಕು, ಒಂದು ಗೂಡ್ಸ್ ಆಟೊ ಕರೆಯಬೇಕು. ಗಾಡಿಯಲ್ಲಿ ಮುಕ್ಕಾಲು ಜಾಗ ಖಾಲಿ ಇದ್ದರೂ ಬಾಡಿಗೆ ಪೂರ್ತಿ. ಅದೇ ಹೊತ್ತಿಗೆ ಪಕ್ಕದ ಶೆಡ್ಡಿನವರೂ ಅದೇ ಹೀಟ್ ಟ್ರೀಟ್‌ಮೆಂಟಿಗೆ ಬೇರೆ ಗಾಡಿಯಲ್ಲಿ ನಾಲ್ಕು ಕ್ರೇಟು ಕಳಿಸುತ್ತಿರಬಹುದು.

ಇಬ್ಬರೂ ಸೇರಿ ಒಂದೇ ಗಾಡಿ ಮಾಡಿದರೆ ಉಳಿತಾಯವಲ್ಲವೇ? ಯಾರಿಗಾದರೂ ಹೊಳೆಯುವ ಮಾತು. ಆದರೂ ಈ ಪ್ರಶ್ನೆಯ ಹಿಂದೆ ಆಪರೇಷನ್ಸ್ ರಿಸರ್ಚ್ ಎಂಬ ಗಣಿತದ ಶಾಖೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಿದ್ದಿದೆ. ಅದರ ಒಂದು ಭಾಗ ಗಾಡಿಯ ದಾರಿಯನ್ನು ಲೆಕ್ಕ ಹಾಕುತ್ತದೆ, ಇನ್ನೊಂದು ಮಷೀನಿನ ಸರದಿಯನ್ನು. ಮೂರನೆಯದು ಸೇರಿ ದುಡಿದವರ ನಡುವೆ ಲಾಭ ಹಂಚುವ ಲೆಕ್ಕ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಮೂರನೆಯದೇ.

ದಾರಿಯ ಲೆಕ್ಕ ಶುರುವಾದದ್ದು ಪೆಟ್ರೋಲ್ ಟ್ಯಾಂಕರಿನಿಂದ. 1959ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಡಿಪೊ, ಹಲವು ಟ್ಯಾಂಕರು, ಊರ ತುಂಬ ಪೆಟ್ರೋಲ್ ಬಂಕು. ಯಾವ ಟ್ಯಾಂಕರು ಯಾವ ಬಂಕುಗಳಿಗೆ, ಯಾವ ಕ್ರಮದಲ್ಲಿ ಹೋದರೆ ಒಟ್ಟು ದೂರ ಅತಿ ಕಡಿಮೆಯಾದೀತು ಎಂಬುದೇ ಅವರ ಪ್ರಶ್ನೆ. ಕೇಳಲು ಸುಲಭ. ಆದರೆ ಒಂದೇ ಗಾಡಿ ಹತ್ತು ಕಡೆ ನಿಲ್ಲಬೇಕಿದ್ದರೆ ಆ ಹತ್ತನ್ನು 36,28,800 ಕ್ರಮಗಳಲ್ಲಿ ಜೋಡಿಸಬಹುದು. ನಿಲುಗಡೆ ಇಪ್ಪತ್ತಾದರೆ ಸಂಖ್ಯೆ ಸುಮಾರು 24,000 ಕೋಟಿ ಕೋಟಿ. ಸೆಕೆಂಡಿಗೆ ಒಂದು ಕೋಟಿ ಮಾರ್ಗಗಳಂತೆ ಒಂದೊಂದನ್ನೇ ನೋಡುತ್ತ ಹೋದರೂ ಏಳು ಸಾವಿರ ವರ್ಷ ಸಾಲದು.

ಹಾಗಾಗಿ ಎಲ್ಲವನ್ನೂ ನೋಡದೆ ಒಳ್ಳೆಯ ದಾರಿ ಹುಡುಕುವ ಉಪಾಯ ಬೇಕಾಯಿತು. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬಿಬ್ಬರು ಕೊಟ್ಟ ಉಪಾಯವನ್ನು ಇಂದಿಗೂ ತರಗತಿಯಲ್ಲಿ ಮೊದಲು ಹೇಳಿಕೊಡುತ್ತಾರೆ. ಗೋದಾಮಿನಿಂದ ಒಂದು ಅಂಗಡಿ 8 ಕಿಲೋಮೀಟರ್, ಇನ್ನೊಂದು 9, ಎರಡು ಅಂಗಡಿಗಳ ನಡುವೆ 2 ಎಂದುಕೊಳ್ಳೋಣ. ಬೇರೆಬೇರೆ ಹೋಗಿಬಂದರೆ 34 ಕಿಲೋಮೀಟರ್. ಒಂದೇ ಸುತ್ತಿನಲ್ಲಿ ಮುಗಿಸಿದರೆ 19. ಉಳಿದದ್ದು 15. ಹೀಗೆ ಪ್ರತಿ ಜೋಡಿಗೂ ಉಳಿತಾಯ ಬರೆದಿಟ್ಟು, ಹೆಚ್ಚು ಉಳಿಸುವ ಜೋಡಿಯಿಂದ ಶುರುಮಾಡಿ, ಗಾಡಿ ತುಂಬುವವರೆಗೆ ಕೂಡಿಸುತ್ತ ಹೋಗುವುದು. ಇದರಿಂದ ಅತ್ಯುತ್ತಮ ಉತ್ತರವೇ ಸಿಗುತ್ತದೆಂಬ ಖಾತ್ರಿಯಿಲ್ಲ. ಚೆನ್ನಾದ ಉತ್ತರ ಬೇಗ ಸಿಗುತ್ತದೆ. ಸಂಜೆಯೊಳಗೆ ಮಾಲು ಮುಟ್ಟಿಸಬೇಕಾದವನಿಗೆ ಅಷ್ಟು ಸಾಕು.

ಕಾರ್ಖಾನೆಯೊಳಗಿನ ಸರದಿ ಇದಕ್ಕಿಂತ ಹಟಮಾರಿ. ಹತ್ತು ಕೆಲಸ, ಹತ್ತು ಮಷೀನು, ಪ್ರತಿ ಕೆಲಸವೂ ತನ್ನದೇ ಕ್ರಮದಲ್ಲಿ ಎಲ್ಲ ಮಷೀನುಗಳನ್ನೂ ಹಾದು ಬರಬೇಕು. ಎಲ್ಲವೂ ಮುಗಿಯಲು ಕನಿಷ್ಠ ಎಷ್ಟು ಹೊತ್ತು? 1963ರಲ್ಲಿ ಇಂಥದ್ದೊಂದು ಲೆಕ್ಕ ಪುಸ್ತಕವೊಂದರಲ್ಲಿ ಅಚ್ಚಾಯಿತು. ಅದರ ಉತ್ತರ 930 ಎಂದು, ಅದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಎಂದು ಕಾರ್ಲಿಯೇ ಮತ್ತು ಪ್ಯಾನ್ಸೋ ಎಂಬ ಫ್ರೆಂಚ್ ಗಣಿತಜ್ಞರು ಸಾಧಿಸಿ ತೋರಿಸಿದ್ದು 1989ರಲ್ಲಿ. ಕಾಗದದ ಮೇಲಿನ ಹತ್ತು ಮಷೀನಿಗೆ 26 ವರ್ಷ! ಪೀಣ್ಯದಲ್ಲಾದರೆ ಮಷೀನುಗಳು ಬೇರೆಬೇರೆ ಮಾಲೀಕರವು, ನಡುವೆ ಟ್ರಾಫಿಕ್ಕು, ಮಧ್ಯಾಹ್ನ ಕರೆಂಟು ಹೋಗುವ ಸಂಭವ ಬೇರೆ. ಕುಲುಮೆಗೆ ಒಂದು ಬ್ಯಾಚ್ ಹಾಕಿ ಬಾಗಿಲು ಮುಚ್ಚಿದ ಮೇಲೆ ತಡವಾಗಿ ಬಂದ ಕ್ರೇಟು ಮುಂದಿನ ಬ್ಯಾಚಿನವರೆಗೆ ಅಲ್ಲೇ ಕೂರಬೇಕು. ಅದು ಕೂತರೆ ಗ್ರೈಂಡಿಂಗ್ ಮಷೀನೂ ಕೈಕಟ್ಟಿ ಕೂರುತ್ತದೆ. ಗಾಡಿಯ ವೇಳೆ ಮತ್ತು ಮಷೀನಿನ ಸರದಿಯನ್ನು ಒಟ್ಟಿಗೇ ಲೆಕ್ಕ ಹಾಕಬೇಕು ಎಂದು ಈಗಿನ ಸಂಶೋಧಕರು ಹೇಳುವುದು ಇದಕ್ಕೇ.

ದೊಡ್ಡ ಕಂಪನಿಯೊಂದು ಈ ಗಣಿತವನ್ನು ರಸ್ತೆಗಿಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಾರ್ಸೆಲ್ ಸಾಗಿಸುವ ಅಮೆರಿಕದ ಯುಪಿಎಸ್ ಸಾಕ್ಷಿ. ಅದರ ‘ಓರಿಯನ್’ ತಂತ್ರಾಂಶ ಸುಮಾರು 55,000 ಚಾಲಕರ ದಿನದ ದಾರಿಯನ್ನು ನಿರ್ಧರಿಸತೊಡಗಿತು. ವರ್ಷಕ್ಕೆ ಸುಮಾರು 16 ಕೋಟಿ ಕಿಲೋಮೀಟರ್ ಓಡಾಟ, 3.8 ಕೋಟಿ ಲೀಟರ್ ಇಂಧನ ಉಳಿಯುತ್ತದೆ ಎಂಬುದು ಕಂಪನಿ ಕೊಡುವ ಲೆಕ್ಕ. 2016ರಲ್ಲಿ ಈ ಕ್ಷೇತ್ರದ ದೊಡ್ಡ ಗೌರವವಾದ ಎಡೆಲ್‌ಮನ್ ಪ್ರಶಸ್ತಿಯೂ ಬಂತು. ಎದುರಿನ ವಾಹನಗಳಿಗೆ ಕಾಯಬೇಕಾದ ಎಡ ತಿರುವುಗಳನ್ನು ಯುಪಿಎಸ್ ಗಾಡಿಗಳು ಆದಷ್ಟು ತಪ್ಪಿಸುತ್ತವೆ ಎಂಬುದು ಜನಪ್ರಿಯ ಕತೆ. ರಸ್ತೆಯ ಎಡಬದಿಯಲ್ಲಿ ಓಡಿಸುವ ನಮ್ಮಲ್ಲಾದರೆ ತಪ್ಪಿಸಬೇಕಾದ್ದು ಬಲ ತಿರುವು.

ಆದರೆ ಕಂಪ್ಯೂಟರ್ ಹೇಳಿದ ದಾರಿಯನ್ನು ಚಾಲಕರು ಕಣ್ಣುಮುಚ್ಚಿ ಹಿಡಿಯುವುದಿಲ್ಲ. ಅಮೆಜಾನ್ ಕಂಪನಿ ಇದನ್ನು ಬಲ್ಲದು. 2021ರಲ್ಲಿ ಅದು ಎಂಐಟಿ ಜೊತೆ ಸೇರಿ ಒಂದು ಸ್ಪರ್ಧೆ ನಡೆಸಿತು. ಅಮೆರಿಕದ ಐದು ಮಹಾನಗರ ಪ್ರದೇಶಗಳಲ್ಲಿ ಅದರ ಚಾಲಕರು ನಿಜವಾಗಿ ಸಾಗಿದ ಒಂಬತ್ತು ಸಾವಿರಕ್ಕೂ ಹೆಚ್ಚು ದಾರಿಗಳ ವಿವರ ಸ್ಪರ್ಧೆಗೆ ಆಧಾರ. ಕೇಳಿದ್ದು ಅತಿ ಕಡಿಮೆ ದೂರದ ದಾರಿಯನ್ನಲ್ಲ. ಅನುಭವಸ್ಥ ಚಾಲಕ ಹೇಗೆ ಹೋಗುತ್ತಾನೋ ಹಾಗೆ ಹೋಗುವ ದಾರಿಯನ್ನು. ಯಾವ ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಯಾವ ಹೊತ್ತಿಗೆ ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂಬುದು ನಕ್ಷೆಯಲ್ಲಿರುವುದಿಲ್ಲ, ಚಾಲಕನ ತಲೆಯಲ್ಲಿರುತ್ತದೆ. ಗೆದ್ದವರು ವಿಲಿಯಂ ಕುಕ್, ಸ್ಟೆಫಾನ್ ಹೆಲ್ಡ್ ಮತ್ತು ಕೆಲ್ಡ್ ಹೆಲ್ಸ್‌ಗೌನ್. ಮೂವರೂ ಹಳೆಯ ಮಾದರಿಯ ದಾರಿಗಣಿತದಲ್ಲಿ ಪಳಗಿದವರು. ಚಾಲಕರು ಬಡಾವಣೆಯಿಂದ ಬಡಾವಣೆಗೆ ಯಾವ ಕ್ರಮದಲ್ಲಿ ಹೋಗುತ್ತಾರೆಂದು ದತ್ತಾಂಶದಿಂದ ಹೆಕ್ಕಿ ತೆಗೆದು, ಅದನ್ನೇ ನಿಯಮವಾಗಿ ಲೆಕ್ಕದೊಳಗೆ ಸೇರಿಸಿದರು.

ಇಷ್ಟೆಲ್ಲ ಒಂದೇ ಯಜಮಾನನ ಗಾಡಿಗಳ ಮಾತಾಯಿತು. ಬೇರೆಬೇರೆ ಯಜಮಾನರು ಸೇರುವುದು ಇನ್ನೊಂದೇ ಕತೆ.

ಜಪಾನಿನ ಫುಕುಓಕ ನಗರದ ತೆಂಜಿನ್ ಪೇಟೆಯಲ್ಲಿ 1978ರಲ್ಲೇ ಸಾಗಣೆ ಕಂಪನಿಗಳು ಒಂದುಗೂಡಿ, ಪೇಟೆಯ ಮಾಲನ್ನೆಲ್ಲ ಒಂದೆಡೆ ಸೇರಿಸಿ ಒಟ್ಟಿಗೆ ಹಂಚುವ ಏರ್ಪಾಡು ಮಾಡಿಕೊಂಡವು. ಯುರೋಪಿನ ಎಷ್ಟೋ ನಗರಗಳೂ ಊರ ಅಂಚಿನಲ್ಲಿ ಇಂಥ ಕೂಡು ಗೋದಾಮು ತೆರೆದವು. ಅವುಗಳಲ್ಲಿ ಬಹಳಷ್ಟು ಸರ್ಕಾರದ ನೆರವು ನಿಂತ ಕೂಡಲೇ ಬಾಗಿಲು ಹಾಕಿದವು. ಗೆದ್ದ ಉದಾಹರಣೆ ಬೆಲ್ಜಿಯಮ್ಮಿನಲ್ಲಿದೆ, ಅದು ಗೋದಾಮಲ್ಲ, ಎರಡು ಕಂಪನಿಗಳ ಕೂಡು ಸಾಗಣೆ. ಅಲ್ಲಿಂದ ಗ್ರೀಸಿಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸೋಪು, ಡಿಟರ್ಜೆಂಟಿನಂಥ ಭಾರದ ಮಾಲು ಕಳಿಸುತ್ತಿತ್ತು. ಟಪ್ಪರ್‌ವೇರ್ ಪ್ಲಾಸ್ಟಿಕ್ ಡಬ್ಬಿಗಳನ್ನು ಕಳಿಸುತ್ತಿತ್ತು. ಡಿಟರ್ಜೆಂಟಿನಲ್ಲಿ ಗಾಡಿಯ ತೂಕದ ಮಿತಿ ಮುಗಿದರೂ ಜಾಗ ಉಳಿಯುತ್ತದೆ. ಡಬ್ಬಿಯಲ್ಲಿ ಜಾಗ ಮುಗಿದರೂ ತೂಕ ಉಳಿಯುತ್ತದೆ. ಟ್ರೈ-ವೈಸರ್ ಎಂಬ ಮಧ್ಯಸ್ಥ ಸಂಸ್ಥೆ ಎರಡನ್ನೂ ಜೊತೆಗೆ ಸಾಗಿಸುವ ಏರ್ಪಾಡು ಮಾಡಿತು. ಇಬ್ಬರ ಹೊಂದಾಣಿಕೆ ಬೀಗ-ಕೀಲಿಯಂತೆ ಕೂತಿತೆನ್ನಬಹುದು, ಆದರೂ ನಡುವೆ ಮೂರನೆಯವರೊಬ್ಬರು ಬೇಕೇ ಆದರು. ಯಾಕೆಂದರೆ ತನ್ನ ಗಿರಾಕಿ ಯಾರು, ಎಷ್ಟು ಮಾಲು ಹೋಗುತ್ತದೆ ಎಂಬುದನ್ನು ಯಾವ ವ್ಯಾಪಾರಿಯೂ ಇನ್ನೊಬ್ಬ ವ್ಯಾಪಾರಿಗೆ ಬಿಚ್ಚಿ ಹೇಳುವುದಿಲ್ಲ.

ಆಮೇಲೆ ದುಡ್ಡಿನ ಮಾತು. ಪೀಣ್ಯಕ್ಕೇ ವಾಪಸು ಬಂದು, ಲೆಕ್ಕ ತಿಳಿಯಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಮೂರು ಶೆಡ್ಡುಗಳು. ಒಂಟಿಯಾಗಿ ಗಾಡಿ ಮಾಡಿದರೆ ಮೊದಲನೆಯದಕ್ಕೆ 600 ರೂಪಾಯಿ, ಎರಡನೆಯದಕ್ಕೆ 600, ದೂರದಲ್ಲಿರುವ ಮೂರನೆಯದಕ್ಕೆ 900. ಮೊದಲೆರಡು ಸೇರಿದರೆ 700, ಒಂದು ಮತ್ತು ಮೂರು ಸೇರಿದರೆ 1,100, ಎರಡು ಮತ್ತು ಮೂರು ಸೇರಿದರೆ 1,200. ಮೂರೂ ಸೇರಿದರೆ 1,200. ಬೇರೆಬೇರೆ ಹೋದರೆ 2,100 ಆಗುತ್ತಿದ್ದದ್ದು 1,200ಕ್ಕೆ ಇಳಿಯಿತು. ತಲಾ 400ರಂತೆ ಹಂಚಿಕೊಂಡರೆ? ಮೊದಲೆರಡು ಶೆಡ್ಡುಗಳು ಒಟ್ಟು 800 ಕೊಟ್ಟಂತಾಯಿತು. ತಾವಿಬ್ಬರೇ ಹೋಗಿದ್ದರೆ 700ಕ್ಕೆ ಮುಗಿಯುತ್ತಿತ್ತು. ಮಾರನೆಯ ದಿನವೇ ಅವರು ಮೂರನೆಯವರನ್ನು ಕೈಬಿಡುತ್ತಾರೆ. ಸಮಪಾಲು ನ್ಯಾಯವಾಗಿ ಕಂಡರೂ ಒಕ್ಕೂಟವನ್ನು ಒಡೆಯುವುದು ಹೀಗೆ.

1953ರಲ್ಲಿ ಲಾಯ್ಡ್ ಶಾಪ್ಲಿ ಇದಕ್ಕೊಂದು ದಾರಿ ತೋರಿಸಿದರು. ಮೂವರೂ ಒಬ್ಬರ ಹಿಂದೊಬ್ಬರು ಬಂದು ಸೇರುತ್ತಾರೆಂದು ಭಾವಿಸಬೇಕು. ಪ್ರತಿಯೊಬ್ಬರೂ ತಾವು ಸೇರಿದ್ದರಿಂದ ಬಾಡಿಗೆ ಎಷ್ಟು ಏರಿತೋ ಅಷ್ಟು ಕೊಡಬೇಕು. ಬರುವ ಕ್ರಮ ಆರು ಬಗೆ. ಆರರಲ್ಲೂ ಒಬ್ಬೊಬ್ಬರು ಕೊಡಬೇಕಾದ್ದನ್ನು ಕೂಡಿ ಸರಾಸರಿ ತೆಗೆದರೆ ಪಾಲು ಸಿಗುತ್ತದೆ. ಇಲ್ಲಿ ಅದು 250, 300 ಮತ್ತು 650 ಆಗುತ್ತದೆ. ಮೊದಲೆರಡಕ್ಕೆ ಸೇರಿ 550, ಹೊರಗೆ ಹೋದರೆ 700, ಬಿಟ್ಟುಹೋಗಲು ಕಾರಣವಿಲ್ಲ. ಮೂರನೆಯವರು ಹೆಚ್ಚು ಕೊಟ್ಟರೂ 900ಕ್ಕಿಂತ 250 ಉಳಿಸುತ್ತಾರೆ. ಶಾಪ್ಲಿಯವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ಬಗೆಯ ಗಣಿತಕ್ಕೆ ಬೆಂಗಳೂರು ಹೊಸದಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ವಿಶ್ವನಾಧಂ ಮತ್ತು ವೈ. ನರಹರಿ ಸ್ವಯಂಚಾಲಿತ ಕಾರ್ಖಾನೆಗಳ ಕಾರ್ಯಕ್ಷಮತೆಯ ಗಣಿತದ ಬಗ್ಗೆ 1992ರಲ್ಲೇ ಪುಸ್ತಕ ಬರೆದರು, ನರಹರಿ ಮುಂದೆ ಶಾಪ್ಲಿಯ ಸೂತ್ರ ಹುಟ್ಟಿದ ಗೇಮ್ ಥಿಯರಿಯ ಬಗ್ಗೆಯೂ ಬರೆದರು.

ಶಾಪ್ಲಿಯ ಸೂತ್ರ ಎಲ್ಲ ಸಂದರ್ಭದಲ್ಲೂ ಇಷ್ಟು ಸಲೀಸಾಗಿ ಹೊಂದುವುದಿಲ್ಲ. ಮೂವರ ಬದಲು ಮೂವತ್ತು ಮಂದಿಯಿದ್ದರೆ ಬರುವ ಕ್ರಮಗಳು ಎಣಿಕೆ ಮೀರುತ್ತವೆ, ಅಂದಾಜಿಗೇ ಇಳಿಯಬೇಕು. ಅದಕ್ಕೂ ಮೊದಲು ಪ್ರತಿಯೊಬ್ಬರೂ ತಮ್ಮ ನಿಜವಾದ ಖರ್ಚು ಹೇಳಬೇಕು. ಹೆಚ್ಚು ಹೇಳಿದರೆ ಹೆಚ್ಚು ಉಳಿತಾಯ ಸಿಕ್ಕೀತೆಂದು ಯಾರಿಗಾದರೂ ಅನಿಸಿದರೆ? ಸುಳ್ಳು ಹೇಳಿ ಲಾಭವಾಗದಂತೆ ನಿಯಮ ಕಟ್ಟುವುದು ಈಗ ಸಂಶೋಧನೆಯ ದೊಡ್ಡ ಭಾಗ. ಹರಾಜೂ ಒಂದು ದಾರಿ. ಅಮೆರಿಕದ ಚಿಲ್ಲರೆ ಮಾರಾಟ ಕಂಪನಿ ಸಿಯರ್ಸ್ 1990ರ ದಶಕದಲ್ಲಿ ಲಾರಿ ಸೇವೆಯನ್ನು ಇಂಥ ಹರಾಜಿನಲ್ಲಿ ಕೊಂಡಿತು. ಲಾರಿ ಕಂಪನಿಗಳು ಒಂದೊಂದು ಮಾರ್ಗಕ್ಕಲ್ಲದೆ ಹಲವು ಮಾರ್ಗಗಳ ಗುಂಪಿಗೇ ಬೆಲೆ ಕೂಗಬಹುದಿತ್ತು. ಹೋಗುವಾಗಿನ ಲೋಡಿನ ಜೊತೆ ಬರುವಾಗಿನದೂ ಕೈಗೆ ಬಂದರೆ ಕಡಿಮೆ ದರ ಕೂಗಲು ಧೈರ್ಯ ಬರುತ್ತದೆ.

ಈ ತಲೆನೋವೆಲ್ಲ ಇಲ್ಲದೆ ಕೂಡು ಸಾಗಣೆ ನಡೆಯುವ ಜಾಗ ಬೆಂಗಳೂರಿನ ಪಕ್ಕದಲ್ಲೇ ಇದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಗೆ ಬಿಡಿಭಾಗಗಳು ಬರುವುದು ‘ಮಿಲ್ಕ್ ರನ್’ ಪದ್ಧತಿಯಲ್ಲಿ. ಒಬ್ಬೊಬ್ಬ ಸರಬರಾಜುದಾರ ತನ್ನ ಲಾರಿ ಕಳಿಸುವ ಬದಲು, ಒಂದೇ ಲಾರಿ ನಿಗದಿತ ವೇಳೆಗೆ ಹಲವರ ಬಾಗಿಲಿಗೆ ಹೋಗಿ ಸ್ವಲ್ಪಸ್ವಲ್ಪ ಮಾಲು ಎತ್ತಿಕೊಳ್ಳುತ್ತದೆ, ಖಾಲಿ ಕ್ರೇಟುಗಳನ್ನು ಹಿಂದಿರುಗಿಸುತ್ತದೆ. ಭಾರತದ ಸಾಗಣೆ ಕಂಪನಿ ಟಿಸಿಐ ಮತ್ತು ಜಪಾನಿನ ಮಿತ್ಸುಯಿ ಸೇರಿ ಕಟ್ಟಿದ ಟ್ರಾನ್ಸಿಸ್ಟಮ್ ಎಂಬ ಕಂಪನಿ ಟೊಯೊಟಾದ ಸಾಗಣೆ ನೋಡಿಕೊಳ್ಳುತ್ತದೆ. ಇಲ್ಲಿ ಪಾಲಿನ ಜಗಳವಿಲ್ಲ. ಕೊಳ್ಳುವವರು ಒಬ್ಬರೇ, ವೇಳಾಪಟ್ಟಿ ಅವರದೇ, ತಡವಾದರೆ ಕೇಳುವವರೂ ಅವರೇ.

ಪೀಣ್ಯದಲ್ಲಿ ಅಂಥ ಒಬ್ಬ ಯಜಮಾನನಿಲ್ಲ. ಹಾಗೆಂದು ಕಾನೂನು ಅಡ್ಡಬಂದಿದೆ ಎನ್ನುವಂತಿಲ್ಲ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಎಂಬ ಆನ್‌ಲೈನ್ ರಹದಾರಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಹಲವರ ಮಾಲು ಒಂದೇ ಗಾಡಿಯಲ್ಲಿದ್ದರೆ ಎಲ್ಲ ಬಿಲ್ಲುಗಳನ್ನೂ ಒಂದರಡಿ ಕೂಡಿಸುವ ನಮೂನೆಯೂ ಅದರಲ್ಲಿದೆ. ಜಾಬ್ ವರ್ಕಿಗೆ ಹೋದ ಮಾಲು ಹಿಂದಿರುಗಲು ಜಿಎಸ್‌ಟಿ ಒಂದು ವರ್ಷದ ಗಡುವು ಕೊಟ್ಟಿದೆ. ಗಡುವು ಉದ್ದವಾಗಿದೆ, ಗಿರಾಕಿಯ ತಾಳ್ಮೆ ಅಷ್ಟು ಉದ್ದವಿಲ್ಲ. ಇನ್ನು ಬೇಕಾದ್ದು, ಮೂರು ಶೆಡ್ಡಿನವರೂ ತಮ್ಮ ಡಿಸಿ ಪುಸ್ತಕ ತೋರಿಸಲು ಒಪ್ಪುವಂಥ ಒಬ್ಬ ಮಧ್ಯಸ್ಥ. ಅದು ಕೈಗಾರಿಕಾ ಸಂಘವೋ, ಮೊಬೈಲ್ ಆ್ಯಪ್ ನಡೆಸುವ ಕಂಪನಿಯೋ, ಹತ್ತಾರು ವರ್ಷದಿಂದ ಅದೇ ಕ್ರಾಸುಗಳಲ್ಲಿ ಗಾಡಿ ಓಡಿಸುತ್ತಿರುವ ಟ್ರಾನ್ಸ್‌ಪೋರ್ಟಿನವರೋ ಆಗಬಹುದು. ಯಾವ ಶೆಡ್ಡಿನ ಮಾಲು ಯಾವ ದಿನ ಎಲ್ಲಿಗೆ ಹೊರಡುತ್ತದೆ ಎಂಬುದು ಈ ಕೊನೆಯವರಿಗೆ ಈಗಲೇ ಹೆಚ್ಚುಕಮ್ಮಿ ಗೊತ್ತಿರುತ್ತದೆ.