ಕೋವಿಗೆ ಸ್ಕೋಪೋ, ಕೊರಳಿಗೆ ದುರ್ಬೀನೋ?

ಹಂದಿಯ ಕಾಟಕ್ಕೆ ಬೇಸತ್ತ ಸದಸ್ಯರೊಬ್ಬರು, ಕೋವಿಗೆ ಸಾಧಾರಣ ಬೆಲೆಯ ಸ್ಕೋಪ್ ಯಾವುದು ಹಾಕಿಸಲೆಂದು ಕಚೇರಿಗೆ ಬಂದು ಕೇಳಿದರು. ಬೇಡವೆಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1991ರ ಅದರ ತಿದ್ದುಪಡಿ, ಇವುಗಳ ನಂತರ ಶಿಕಾರಿ ಮುಗಿದ ಮಾತು. ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು ಮಾತ್ರ. ಹಂದಿ ಹೊಡೆಯಲು ಬೇರೆ ಅಪ್ಪಣೆ ಬೇಕು. ಅಲ್ಲದೆ ಚರೆ ಹಾರಿಸುವ ನುಣುಪು ನಳಿಗೆಗೆ ದೂರದ ಗುರಿಯೇ ಇಲ್ಲ.

ಇನ್ನೊಂದು ಭಯವಿದೆ. ಸ್ಕೋಪಿನಲ್ಲಿ ನೋಡಬೇಕಾದರೆ ನಳಿಗೆಯನ್ನೂ ಅತ್ತಲೇ ತಿರುಗಿಸಬೇಕು. ಮುಸ್ಸಂಜೆ ಪೊದೆಯಲ್ಲಿ ಅಲುಗಿದ್ದು ಹಂದಿಯೋ, ಸೊಪ್ಪು ತರಲು ಬಂದ ಆಳೋ? ನೋಡಲು ದುರ್ಬೀನೇ ಸಾಕು.

ಹೋದ ಚಳಿಗಾಲ ಹೊಸಪೇಟೆಯ ನೆಂಟರೊಡನೆ ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. 1994ರಲ್ಲಿ ಘೋಷಿಸಿದ ಧಾಮವದು. ಗೋಪುರದ ಮೇಲೆ ಕುಳಿತಾಗ ಅವರ ಕೈಯಲ್ಲಿ ಜೇಬಿಗೆ ಹಿಡಿಸುವ 10×25, ನನ್ನಲ್ಲಿ 8×42. ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆಂದು ಅವರಿಗೆ ಹೆಮ್ಮೆ. ಹೊತ್ತು ಮುಳುಗುತ್ತಲೇ ಬಂಡೆಗಳ ನಡುವೆ ಕರಡಿ ಇಳಿಯಿತು. ಅವರಿಗೆ ಕಂಡದ್ದು ಕರಿಯ ಮುದ್ದೆ. ನನಗೆ ತಾಯಿಯ ಬೆನ್ನೇರಿದ ಎರಡು ಮರಿಗಳು.

ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ: ನನ್ನದು 5 ಮಿ.ಮೀ. ಮೇಲೆ, ಅವರದು 2.5. ಕಣ್ಣಿಗೆ ಬೀಳುವ ಬೆಳಕಿನ ಕಿಂಡಿ ಅಷ್ಟೇ. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ದೊಡ್ಡದಾಗುತ್ತದೆ. ಕೊಳ್ಳುವಾಗ ಅಂಗಡಿಯ ದೀಪದಡಿ ನೋಡಬೇಡಿ, ಸಂಜೆ ಹೊರಗೆ ನಿಂತು ನೋಡಿ. ಮಳೆಗಾಲಕ್ಕೆ ನೀರು ನುಗ್ಗದಂಥದ್ದೇ ಇರಲಿ. ಕನ್ನಡಕದವರು ಹಾಕಿಕೊಂಡೇ ಪರೀಕ್ಷಿಸಿ.

ನನ್ನದನ್ನು ಸದಸ್ಯರು ಒಂದು ಸಂಜೆಗೆ ಒಯ್ಯಬಹುದು. ಮರುದಿನ ಬೆಳಿಗ್ಗೆ ಕಚೇರಿಗೆ ತಂದುಕೊಡಬೇಕು.